ಬದಾಮಿ ಗಿಡಕ್ಕೆ ನಿಲ್ಲದ ಜಾಮೀನು

ನಾನು ಸಣ್ಣವನಿದ್ದಾಗ ಟಿಕೋಟಾದ ನಮ್ಮ ಓಣಿಯಲ್ಲಿ ಫ್ಯಾನು ಇದ್ದ ಮನೆ ಒಂದೂ ಇರಲಿಲ್ಲ. ಇದ್ದದ್ದು ನಮ್ಮ ಅಂಗಳದ ಬದಾಮಿ ಗಿಡ. ಎಷ್ಟೇ ದೊಡ್ಡ ಮರವಾದರೂ ನಮ್ಮ ಕಡೆ ಅದು ಗಿಡವೇ. ಅಂಗಡಿಯವನು ತೂಗಿ ಕೊಡುವ ಬದಾಮಿಯಲ್ಲ, ನಮ್ಮ ಊರ ಬದಾಮಿ. ಅಂಗೈಗಿಂತ ದೊಡ್ಡ ಎಲೆ, ಛತ್ರಿಯ ಮೇಲೆ ಛತ್ರಿ ಇಟ್ಟಂತೆ ಹರಡಿದ ಟೊಂಗೆ. ಹಣ್ಣಿನ ಕೆಂಪು ತಿರುಳನ್ನು ಕಚ್ಚಿದರೆ ಹುಳಿ, ಸಿಹಿ, ಒಗರು ಎಲ್ಲ ಒಟ್ಟಿಗೆ ನಾಲಿಗೆಗೆ ಬರುತ್ತಿದ್ದವು. ಒಳಗಿನ ಗಟ್ಟಿ ಕಾಯಿಯನ್ನು ಒಣಗಿಸಿ, ಕಟ್ಟೆಯ ಮೇಲಿಟ್ಟು ಕಲ್ಲಿನಿಂದ ಜಜ್ಜಿದರೆ ಕಿರುಬೆರಳಿನಷ್ಟು ಬಿಳಿ ಬೀಜ. ಕಾಯಿ ಜಜ್ಜುವಾಗ ಬೆರಳು ಜಜ್ಜಿಕೊಳ್ಳದ ಹುಡುಗ ನಮ್ಮ ಓಣಿಯಲ್ಲಿ ಇರಲಿಲ್ಲ.

ಬೇಸಿಗೆಯಲ್ಲಿ ಓಣಿಯ ಹೆಂಗಸರೆಲ್ಲ ಶಾವಿಗೆ ಮಣೆ ಹೊತ್ತು ನಮ್ಮಲ್ಲಿಗೇ ಬರುತ್ತಿದ್ದರು. ಇಂದು ನಿಮ್ಮ ಮನೆಯ ಶಾವಿಗೆ, ನಾಳೆ ನಮ್ಮ ಮನೆಯದು, ಕೈಗಳು ಮಾತ್ರ ಎಲ್ಲರವು. ಬೇರೆ ಅಂಗಳದಲ್ಲಿ ಕೂತರೆ ಬಿಸಿಲಿಗೆ ಹಿಟ್ಟು ಒಣಗಿ ಎಳೆ ಹರಿಯುತ್ತಿತ್ತು. ನಮ್ಮ ಗಿಡದ ಕೆಳಗೆ ಹರಿಯುತ್ತಿರಲಿಲ್ಲ.

"ಏ ಗಂಗವ್ವಾ, ಇವು ಶಾವಿಗ್ಯೋ ಹಗ್ಗಾನೋ? ಎಮ್ಮಿ ಕಟ್ಟಬಹುದಲ್ಲ ಬೇ!" ಎಂದು ನಮ್ಮ ಆಯಿ ಕೆಣಕುತ್ತಿದ್ದಳು. ಆಯಿ ಎಂದರೆ ನಮ್ಮ ಅಪ್ಪನ ತಾಯಿ.

"ಕಟ್ಟೋಣಂತ. ಮೊದಲ ನಿನ್ನ ಸಣ್ಣ ಮಗನ್ನ ಕಟ್ಟತೀನಿ, ಮನ್ಯಾಗರೆ ನಿಂದರ್ತಾನು," ಎಂದು ಎದುರುಮನೆಯ ಗಂಗವ್ವ ಉತ್ತರ ಕೊಡುತ್ತಿದ್ದಳು.

ಆ ಸಣ್ಣ ಮಗ ನಮ್ಮ ಕಾಕಾ. ಮದುವೆ ಗೊತ್ತಾಗಿತ್ತು. ಗಿಡ ಇದ್ದ ಜಾಗದಲ್ಲಿ ತನಗೊಂದು ಖೋಲಿ, ಅಂದರೆ ಬೇರೆ ಕೋಣೆ, ಕಟ್ಟಬೇಕೆಂದು ಅವನ ಆಸೆ. ಆಯಿ ಕಿವಿಗೇ ಹಾಕಿಕೊಂಡಿರಲಿಲ್ಲ. ಬಿದ್ದ ಎಲೆಯಿಂದ ಸ್ನಾನದ ನೀರು ಕಾಯುತ್ತದೆ, ಆಡು ಮೇಯುತ್ತದೆ, ಬಸಿದ ಶಾವಿಗೆಯ ಮೇಲೆ ಹಾಲು ಸಕ್ಕರೆಯ ಜೊತೆ ಜಜ್ಜಿದ ಬೀಜ ಬೀಳುತ್ತದೆ. "ನಿನ್ನ ಖೋಲಿ ಇದರಾಗ ಏನ ಕೊಡತೈತಿ?" ಎನ್ನುತ್ತಿದ್ದಳು.

ಆದರೆ ಒಂದು ವರ್ಷ ಗಿಡ ಕಾಯಿ ಬಿಡಲಿಲ್ಲ. ಕಾಯಿ ಬಿಡದ ಗಿಡಕ್ಕೆ ಕೊಡಲಿ ತೋರಿಸುವುದು ನಮ್ಮ ಮನೆಯ ಪದ್ಧತಿ. ಯುಗಾದಿ ಅಮಾವಾಸ್ಯೆಯ ದಿನ ಒಬ್ಬರು ಕೊಡಲಿ ಎತ್ತಿ "ಕಡೀತೀನಿ" ಎನ್ನಬೇಕು. ಮನೆಯ ಸಣ್ಣ ಕೂಸು ಅಡ್ಡ ಬಂದು, "ಕಡೀಬ್ಯಾಡೋ ಯಪ್ಪಾ, ಬರೋ ವರ್ಷ ಕಾಯಿ ಬಿಡತೈತಿ, ಅದಕ ನಾ ಜಾಮೀನ" ಎನ್ನಬೇಕು. ಅಂಜಿಕೆಗೂ ಮರ್ಯಾದೆಗೂ ಗಿಡ ಕಾಯಿ ಬಿಡುತ್ತದೆಂದು ನಂಬಿಕೆ. ಜಾಮೀನು ಯಾರೂ ನಿಲ್ಲದಿದ್ದರೆ ಎತ್ತಿದ ಕೊಡಲಿಯನ್ನು ಬರಿದೇ ಇಳಿಸಬಾರದು, ಮನೆಗೆ ಕೇಡು. ಆ ವರ್ಷ ನಾನೇ ಜಾಮೀನು ನಿಂತೆ. ಮರುವರ್ಷವೂ ಕಾಯಿ ಬರಲಿಲ್ಲ.

ಮತ್ತೆ ಅಮಾವಾಸ್ಯೆ ಬಂತು. ಅಂದು ಹೊನವಾಡದಲ್ಲಿ ಕುಸ್ತಿ. ನನ್ನ ಗೆಳೆಯರೆಲ್ಲ ಬೆಳಿಗ್ಗೆಯೇ ಎತ್ತಿನ ಚಕ್ಕಡಿ ಹತ್ತಿ ಕೂತಿದ್ದರು. ಬದಾಮಿ ಎಲೆ ಗುಡಿಸುವುದು ಮೊದಲಿನಿಂದಲೂ ನನ್ನ ಕೆಲಸ. ಮಾಗಿಯಿಂದ ಕೆಂಪಾಗಿ ಉದುರತೊಡಗಿದ ಎಲೆ ಇನ್ನೂ ಪೂರಾ ನಿಂತಿರಲಿಲ್ಲ.

"ಕಸಾ ಹೊಡದು, ಗಿಡಕ್ಕ ಜಾಮೀನ ನಿಂತು ಆಮ್ಯಾಲ ಹೋಗು," ಎಂದಳು ಆಯಿ.

"ಚಕ್ಕಡಿ ಹೋಗತೈತಿ ಆಯೀ!"

"ಹೋದರ ಹೋಗಲಿ. ಕುಸ್ತಿ ಮುಂದಿನ ವರ್ಷಾನೂ ಆಗತಾವು."

ನಾನು ಗುಡಿಸುತ್ತಿದ್ದಂತೆಯೇ ಚಕ್ಕಡಿ ಹೋಯಿತು. ಗೆಳೆಯರು ಕೇಕೆ ಹಾಕಿದ್ದು ಕೇಳಿಸಿತು. ಗುಡಿಸಿದ ಜಾಗದಲ್ಲೇ ಮತ್ತೊಂದು ಎಲೆ ಬಿತ್ತು. ಆ ಗಿಡದ ಮೇಲೆ ನನಗೆ ಅಂದು ಬಂದ ಸಿಟ್ಟು ಇಷ್ಟಿಷ್ಟಲ್ಲ.

ಆಯಿ ಗಿಡದ ಬುಡಕ್ಕೆ ಕುಂಕುಮ ಇಟ್ಟಳು. ಕಾಕಾ ಕೊಡಲಿ ಎತ್ತಿದ. ನನ್ನತ್ತ ಕಣ್ಣು ಮಿಟುಕಿಸಿ, "ಹ್ವಾದ ವರ್ಷ ನಿಂತ ಜಾಮೀನ ಮುಳಗೈತಿ ಮಗನ, ಈ ಸರ್ತಿ ಗಟ್ಟಿ ಹೇಳು," ಎಂದು ನಕ್ಕ. ಆಮೇಲೆ ದನಿ ಏರಿಸಿ, "ಕಡೀತೀನಿ!" ಎಂದ.

ನಾನು ನೆಲ ನೋಡುತ್ತ ನಿಂತೆ.

"ಹೇಳೋ ಕೂಸ," ಎಂದಳು ಆಯಿ.

ಹೇಳಲಿಲ್ಲ.

"ಹೇಳ ನಮ್ಮಪ್ಪಾ, ನಾಕ ಮಾತು," ಎಂದಳು. ದನಿ ಸಣ್ಣದಾಗಿತ್ತು. ಆಯಿ ನನ್ನನ್ನು ಹಾಗೆ ಬೇಡಿಕೊಂಡದ್ದು ಅದೊಂದೇ ಸಲ. ನಾನು ಗುಡಿಸುವ ಬಾರಿಗೆಯನ್ನು ಎಸೆದು ಮುಖ ತಿರುಗಿಸಿದೆ.

ಕಾಕಾನ ನಗು ನಿಂತಿತು. ಕೊಡಲಿ ಎತ್ತಿಕೊಂಡೇ ತಾಯಿಯ ಮುಖ ನೋಡಿದ. "ಯವ್ವಾ, ಜಾಮೀನ ಯಾರೂ ನಿಂದರಲಿಲ್ಲಲ್ಲ. ನೀನ ಹೇಳೀದಿ, ಬರೇ ಇಳಿಸಬಾರದಂತ."

ಆಯಿ ಸೆರಗು ಕೊಡವಿಕೊಂಡು ಒಳಗೆ ಹೋದಳು. ತಾನೇ ಕಲಿಸಿದ ಪದ್ಧತಿಯನ್ನು ತಾನೇ ಹೇಗೆ ಮುರಿಯಬೇಕು? ಬಿಸಿಲು ಇಳಿಯುವ ಹೊತ್ತಿಗೆ ಗಿಡ ಅಂಗಳದ ತುಂಬ ಮಲಗಿತ್ತು. ಆಯಿ ಹೊರಬಂದು ತುದಿಯ ಟೊಂಗೆಯೊಂದನ್ನು ಕೈಯಲ್ಲಿ ಹಿಡಿದಳು. ಹೊಸ ಚಿಗುರಿನ ನಡುವೆ ಬೆಳ್ಳಗಿನ ಸಣ್ಣ ಹೂವಿನ ಗೊಂಚಲು. ಕೆಳಗಿನಿಂದ ಯಾರಿಗೂ ಕಂಡಿರಲಿಲ್ಲ. ಕಾಕಾ ಅದನ್ನು ನೋಡಿ ಕೊಡಲಿ ಒರಗಿಸಿ ಕೂತುಬಿಟ್ಟ. ಆಯಿ ನನ್ನನ್ನು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

ಮರುದಿನ ರೂಢಿಯಂತೆ ಬಾರಿಗೆ ಹಿಡಿದೆ. "ಇಡು ಅದನ್ನ," ಎಂದಳು ಆಯಿ. "ಏನ ಕಸಾ ಐತಿ ಹೊಡಿಯಾಕ?"

ಕಾಕಾನ ಖೋಲಿ ಎದ್ದಿತು. ಕಾದ ಹೆಂಚಿನಂಥ ಅದರೊಳಗೆ ಮಧ್ಯಾಹ್ನ ಯಾರೂ ಮಲಗುತ್ತಿರಲಿಲ್ಲ. ಆ ಬೇಸಿಗೆ ಹೆಂಗಸರು ಬೇವಿನ ಗಿಡವಿದ್ದ ಮೇಲಿನ ಓಣಿಗೆ ಶಾವಿಗೆಗೆ ಹೋದರು. ಆಯಿಯೂ ಮಣೆ ತಲೆಯ ಮೇಲಿಟ್ಟುಕೊಂಡು ಹೋದಳು. ಅಲ್ಲಿ ಅವಳು ಯಾರನ್ನೂ ಕೆಣಕುತ್ತಿರಲಿಲ್ಲ, ಬೇರೆಯವರ ಅಂಗಳವಲ್ಲವೇ? ಗಿಡ ಏಕೆ ಕಡಿದಿರಿ ಎಂದು ಕೇಳಿದವರಿಗೆ, "ಅದರ ಋಣಾ ತೀರಿತ್ತವ್ವಾ" ಎನ್ನುತ್ತಿದ್ದಳು. ಸಾಯುವವರೆಗೂ ನನ್ನ ಹೆಸರು ಹೇಳಲಿಲ್ಲ. ನಾನೂ ತಪ್ಪಾಯಿತೆಂದು ಹೇಳಲಿಲ್ಲ.

ಈಗ ವಿಜಯಪುರದಲ್ಲಿ ನನ್ನ ಮನೆಯ ಗೇಟಿನ ಬಳಿ ನಾನೇ ಸಸಿ ಹಚ್ಚಿ ಬೆಳೆಸಿದ ಬದಾಮಿ ಗಿಡ ಇದೆ. ಆಟೋದವರು ಊಟದ ಡಬ್ಬಿ ಬಿಚ್ಚುವುದು ಅದರ ನೆರಳಲ್ಲೇ. ಅದರ ಹಿಂದಿನ ಕೋಣೆಗೆ ಕೂಲರ್ ಬೇಕಾಗಿಲ್ಲ.

"ಕಾಕಾರ, ದಿನಾ ಇಷ್ಟ ಕಸಾ ಹೊಡೀತೀರಿ, ಇಂಥಾ ಗಿಡಾ ಯಾಕ್ರಿ?" ಎಂದು ಪಕ್ಕದ ಮನೆಯ ಸೊಸೆ ನನ್ನನ್ನು ಕೇಳುತ್ತಾಳೆ.

"ಹೊಡಿಯಾಕಂತನ ಹಚ್ಚೇನವ್ವಾ," ಎನ್ನುತ್ತೇನೆ. ಅವಳು ನಗುತ್ತಾಳೆ.

ಶಾವಿಗೆ ಈಗ ಪಾಕೀಟಿನಲ್ಲಿ ಬರುತ್ತದೆ. ಎಳೆ ಎಲ್ಲ ಒಂದೇ ಸಮ ಸಣ್ಣ, ಕೆಣಕಲು ಏನೂ ಉಳಿದಿಲ್ಲ. ಹಣ್ಣು ಬಿದ್ದರೆ ಆಯುವ ಮಕ್ಕಳಿಲ್ಲ. ನಾನೇ ಆಯ್ದು, ಒಣಗಿಸಿ, ಮೆಟ್ಟಿಲ ಮೇಲೆ ಕೂತು ಜಜ್ಜುತ್ತೇನೆ. ಬೆರಳು ಈಗಲೂ ಜಜ್ಜಿಕೊಳ್ಳುತ್ತೇನೆ.

ಪ್ರತಿ ಯುಗಾದಿ ಅಮಾವಾಸ್ಯೆಗೆ ಗಿಡದ ಬುಡಕ್ಕೆ ಕುಂಕುಮ ಇಟ್ಟು ನಿಲ್ಲುತ್ತೇನೆ. ಅಂದು ಹೇಳದ ಆ ನಾಲ್ಕು ಮಾತು ಬಾಯಿಗೆ ಬರುತ್ತವೆ. ಆದರೆ ಈ ಗಿಡ ಒಂದು ವರ್ಷವೂ ಕಾಯಿ ಬಿಡುವುದನ್ನು ತಪ್ಪಿಸಿಲ್ಲ. ಕಾಯಿ ಬಿಡುವ ಗಿಡಕ್ಕೆ ಯಾರೂ ಕೊಡಲಿ ತೋರಿಸುವುದಿಲ್ಲ, ಜಾಮೀನೂ ಕೇಳುವುದಿಲ್ಲ. ಬಾರಿಗೆ ತೆಗೆದುಕೊಂಡು ಎಲೆ ಗುಡಿಸತೊಡಗುತ್ತೇನೆ.