ಗ್ಯಾಸ್ ಮಾಮ ಬಿಚ್ಚಿದ ಟಾರ್ಪಾಲು

ಅವರ ಎಡಗಣ್ಣಿನ ಮೇಲೆ ಹುಬ್ಬಿರಲಿಲ್ಲ. ಮುಂಬೈಯಲ್ಲಿದ್ದ ಕಾಲದಲ್ಲಿ ಹೋಟೆಲೊಂದರ ಭಟ್ಟಿ ಭಗ್ಗೆಂದು ಹೊತ್ತಿಕೊಂಡಾಗ ಸುಟ್ಟುಹೋದದ್ದು ಮತ್ತೆ ಬೆಳೆಯಲಿಲ್ಲವಂತೆ. ಹಾಗಾಗಿ ಸುಮ್ಮನೆ ಒಲೆ ನೋಡುತ್ತಿದ್ದರೂ ಮುಖದ ಒಂದು ಬದಿ ಮಾತ್ರ ಸಂಶಯಪಡುತ್ತಿರುವಂತೆ ಕಾಣುತ್ತಿತ್ತು. ಬಸ್ರೂರಿನ ನಮ್ಮ ಮನೆಗೆ ಗ್ಯಾಸ್ ಒಲೆ ರಿಪೇರಿಗೆ ಬರುತ್ತಿದ್ದ ಅವರನ್ನು ಚಿಕ್ಕಂದಿನಿಂದ ಗ್ಯಾಸ್ ಮಾಮ ಎಂದೇ ಕರೆದವಳು ನಾನು.

ಅಡುಗೆಮನೆಯ ನೆಲಕ್ಕೆ ಹಳೆಯ ಪೇಪರ್ ಹಾಸಿ, ಬರ್ನರ್ ಕಳಚಿ ಹುಣಸೆ ನೀರಿನಲ್ಲಿ ನೆನೆಹಾಕುತ್ತಿದ್ದರು. ಅದು ನೆನೆಯುವಷ್ಟು ಹೊತ್ತು ಪಿನ್ನಿನಿಂದ ಜೆಟ್ಟಿನ ತೂತು ಬಿಡಿಸುವುದು, ಸವೆದ ಟೂತ್‌ಬ್ರಷ್ಷಿನಿಂದ ಕೊಳವೆಯೊಳಗಿನ ಜೇಡರ ಬಲೆ ತೆಗೆಯುವುದು. ಎಲ್ಲ ಜೋಡಿಸಿದರೂ ಕೆಲಸ ಮುಗಿಯಿತು ಅನ್ನುತ್ತಿರಲಿಲ್ಲ. ಅದೇ ಒಲೆಯಲ್ಲಿ ಅಮ್ಮ ಚಾ ಮಾಡಬೇಕು, ಸೋಸಿದ ಮೇಲೆ ಪಾತ್ರೆಯ ತಳವನ್ನು ಅವರು ತಮ್ಮ ಹೆಗಲ ಮೇಲಿನ ಬಿಳಿ ಬೈರಾಸಿನಿಂದ ಒರೆಸಬೇಕು, ಮಸಿ ಹತ್ತಬಾರದು. ಹತ್ತಿದರೆ ಚಾ ಮುಟ್ಟದೆ ಮತ್ತೆ ಕಳಚುತ್ತಿದ್ದರು.

"ಬೆಂಕಿಗೂ ಉಸ್ರ್ ಬೇಕ್ ಮಾರಾಯ್ತಿ. ಉಸ್ರ್ ಕಟ್ಟಿರೆ ಹಳ್ದಿ ಆತ್ತ್," ಎನ್ನುತ್ತಿದ್ದರು.

ಭುಜದ ನೋವಿನಿಂದ ಅಮ್ಮನಿಗೆ ಹಂಡೆಯ ಬಿಸಿನೀರು ಎತ್ತಲಾಗದೆ ಹೋದಾಗ ಅಪ್ಪಯ್ಯ ಗ್ಯಾಸ್ ಗೀಸರ್ ತಂದರು. ಹೊರಗೋಡೆಗೆ ಹಾಕುವ ಎಂದರು ಗ್ಯಾಸ್ ಮಾಮ. ಮಳೆಗೆ ತುಕ್ಕು ಹಿಡಿಯುತ್ತದೆಂದು ಅಪ್ಪಯ್ಯ ಒಪ್ಪಲಿಲ್ಲ. ಕೊನೆಗೆ, ವೆಂಟಿಲೇಟರ್ ಯಾವತ್ತೂ ತೆರೆದಿರಬೇಕೆಂಬ ಷರತ್ತಿನ ಮೇಲೆ ಬಚ್ಚಲಿನ ಒಳಗೇ ಹಾಕಿಕೊಟ್ಟರು.

ಷರತ್ತು ಮಳೆಗಾಲದವರೆಗೆ ಉಳಿಯಿತು. ನಮ್ಮಲ್ಲಿ ಜೂನ್ ಬಂತೆಂದರೆ ಮನೆಯ ತೆರೆದ ಬದಿಗೆಲ್ಲ ಟಾರ್ಪಾಲು ಕಟ್ಟುತ್ತೇವೆ. ಜಗಲಿಗೆ ಕಟ್ಟಿ ಉಳಿದ ತುಂಡು ಬಚ್ಚಲಿನ ವೆಂಟಿಲೇಟರಿಗೆ ಅಳತೆ ಕೊಟ್ಟಂತೆ ಕೂತಿತು. ಗೀಸರಿನ ಬರ್ನರ್ ಕ್ಲೀನ್ ಮಾಡಲು ಬಂದ ಗ್ಯಾಸ್ ಮಾಮ ಮೊದಲು ಅದನ್ನು ಬಿಚ್ಚಿದರು.

"ಇದ್ ಕಟ್ಟಿದ್ ಯಾರ್?"

"ನಾನೇ. ಮಳಿ ಒಳ್ಗ್ ಹೊಡಿತ್ತ್," ಎಂದೆ.

"ಹೊಗಿ ಎಲ್ಲಿಗ್ ಹೋಯ್ಕ್?"

"ಹೊಗಿ ಎಲ್ಲಿತ್ತ್? ನಂಗ್ ಕಾಂತಿಲ್ಲೆ."

"ಕಾಂತಿಲ್ಲೆ, ವಾಸ್ನಿಯೂ ಇಲ್ಲೆ. ಅದೇ ಹೆದ್ರಿಕಿ."

"ಕಾಂತಿಲ್ಲೆ, ವಾಸ್ನಿ ಇಲ್ಲೆ, ಆರೆ ಕೊಲ್ತತ್ತ್. ಭೂತದ್ ಕತಿ ಹೇಳುವವ್ರೂ ಹೀಂಗೇ ಹೇಳೂದ್ ಮಾಮ."

ಅಮ್ಮ ನಕ್ಕಳು.

ಗಾಳಿ ಸಾಲದೆ ಉರಿಯುವ ಬೆಂಕಿ ಬಿಡುವ ಇಂಗಾಲದ ಮೋನಾಕ್ಸೈಡಿನ ಬಗ್ಗೆ ನಾನು ಪಿಯುಸಿಯಲ್ಲಿ ಓದಿ ಅಂಕವನ್ನೂ ಪಡೆದಿದ್ದೆ. ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ. ಆದರೆ ಆ ವರ್ಷ ಚರ್ಚಾಸ್ಪರ್ಧೆಯಲ್ಲಿ ಕಾಲೇಜಿಗೆ ಶೀಲ್ಡ್ ತಂದಿದ್ದೆ. ಎದುರಿನವರು ತಡವರಿಸುವ ಜಾಗ ಕಂಡರೆ ಬಿಡುತ್ತಿರಲಿಲ್ಲ.

"ನೀವ್ ಕಣ್ಣಾರೆ ಕಂಡದ್ದ್ ಒಂದೇ ಒಂದ್ ಉದಾಹರಣೆ ಹೇಳಿ. ಮತ್ತೆ ಕಟ್ಟೂದಿಲ್ಲೆ," ಎಂದೆ.

ಅವರು ನನ್ನ ಮುಖ ನೋಡಿದರು. ಏನೋ ಹೇಳಲು ಹೊರಟವರು ಸ್ಪ್ಯಾನರ್ ಒರೆಸತೊಡಗಿದರು. "ನಿನ್ನತ್ರ ಮಾತಾಡಿ ಗೆಲ್ಲುಕಾತಿಲ್ಲೆ," ಎಂದು ಟಾರ್ಪಾಲಿನ ತುಂಡನ್ನು ಮಡಚಿ ಸ್ಕೂಟರಿಗೆ ಹಾಕಿಕೊಂಡು ಹೋದರು. ಗೆದ್ದೆ ಅಂದುಕೊಂಡೆ. ಸಂಜೆಯೊಳಗೆ ಇನ್ನೊಂದು ತುಂಡು ಕಟ್ಟಿದೆ.

ಎಂಟು ದಿನ ಕಳೆದಿರಲಿಲ್ಲ. ಸ್ನಾನಕ್ಕೆ ಹೋದ ಅಮ್ಮ ಕರೆದರೆ ಓಗೊಡಲಿಲ್ಲ. ಅಪ್ಪಯ್ಯ ಬಾಗಿಲು ಒದ್ದು ತೆರೆದಾಗ ಗೀಸರ್ ಉರಿಯುತ್ತಲೇ ಇತ್ತು, ಅಮ್ಮ ಗೋಡೆಗೊರಗಿ ಕುಸಿದಿದ್ದಳು. ಜಗಲಿಗೆ ಎಳೆದು ತಂದು, ರಿಕ್ಷಾದಲ್ಲಿ ಕುಂದಾಪುರದ ಆಸ್ಪತ್ರೆಗೆ ಸೇರಿಸಿದೆವು. ಜೀವ ಉಳಿಯಿತು. ಆದರೆ ಅವಳು ಮೊದಲಿನ ಅಮ್ಮ ಆಗಲಿಲ್ಲ. ಈಗಲೂ ಹಾಲಿಟ್ಟು ಮರೆಯುತ್ತಾಳೆ, ಮಾತಿನ ನಡುವೆ ಶಬ್ದ ಸಿಗದೆ ನನ್ನ ಮುಖ ನೋಡುತ್ತಾಳೆ.

ಅಮ್ಮನನ್ನು ಮನೆಗೆ ಕರೆತಂದ ಮರುದಿನ ಗ್ಯಾಸ್ ಮಾಮ ಬಂದರು. ಆಗಲೇ ಹೇಳಿದ್ದೆನಲ್ಲ ಅನ್ನುತ್ತಾರೆಂದು ಕಾದೆ. ಅಂದಿದ್ದರೆ ನನಗೆ ಹಗುರಾಗುತ್ತಿತ್ತೋ ಏನೋ. ಅವರು ಅಮ್ಮನ ಹತ್ತಿರ ಕೂತು, "ಗಂಜಿ ಉಂಡ್ರ್ಯಾ ಅಕ್ಕ?" ಎಂದು ಕೇಳಿದರು. ಆಮೇಲೆ ಗೀಸರನ್ನು ಕಳಚಿ ಹೊರಗೋಡೆಗೆ ಹಾಕಿ, ಅದರ ಮೇಲೊಂದು ತಗಡಿನ ಮಾಡು ಇಳಿಸಿದರು. ನಾನು ಏಣಿ ಹಿಡಿದು ನಿಂತಿದ್ದೆ. ವೇದಿಕೆಯ ಮೇಲೆ ನಿಂತ ಕಾಲಲ್ಲೇ ಮಾತು ಹುಟ್ಟಿಸುತ್ತಿದ್ದವಳಿಗೆ ತಪ್ಪಾಯಿತು ಎಂಬ ಒಂದು ಶಬ್ದ ಹೊರಡಲಿಲ್ಲ. ಇಳಿದು ಬಂದವರು, "ಏಣಿ ಒಳ್ಗ್ ಇಡ್," ಎಂದಷ್ಟೇ ಹೇಳಿ ಹೋದರು.

ಕಳೆದ ನವರಾತ್ರಿಯ ಹೊತ್ತಿಗೆ ಅವರು ಎದೆನೋವಿನಿಂದ ತೀರಿಕೊಂಡರು. ಉತ್ತರಕ್ರಿಯೆಯ ದಿನ ಅವರ ಮನೆಗೆ ಹೋದೆ. ಗೋಡೆಯಲ್ಲಿ ಯೂನಿಫಾರ್ಮ್ ತೊಟ್ಟ ಹುಡುಗಿಯ ಹಳೆಯ ಫೋಟೋ ಇತ್ತು. ಯಾರೆಂದು ಕೇಳಿದೆ.

"ನಮ್ ಹೆಣ್ಣ್," ಎಂದರು ಅವರ ಹೆಂಡತಿ. "ಬೊಂಬಾಯಂಗೆ ಚಾಳಿನ್ ಖೋಲಿ. ಗೀಸರ್ ಇವ್ರೇ ಹಾಕಿದ್ದ್. ಪರೀಕ್ಷಿ ದಿನ ಮೀವುಕ್ ಬಚ್ಚಲಿಗ್ ಹೋದ್ಳ್, ಹೆರ್ಗ್ ಬರ್ಲಿಲ್ಲೆ." ಫೋಟೋದ ಗಾಜನ್ನು ಸೆರಗಿನಿಂದ ಒರೆಸುತ್ತ ಅಂದರು: "ನೀನ್ ಉದಾಹರಣೆ ಕೇಂಡೆ ಅಂದೇಳಿ ಮನಿಗ್ ಬಂದ್ ಹೇಳಿದ್ರ್. ಬಾಯಿ ತನ್ಕ ಬಂತ್, ಹೇಳುಕಾಯ್ಲಿಲ್ಲೆ ಅಂದ್ರ್. ಆ ದಿನ ಉಂಡಿರ್ಲಿಲ್ಲೆ."

ಸ್ಪರ್ಧೆಯಲ್ಲಿ ಎದುರಾಳಿ ಸುಮ್ಮನಾದರೆ ಅಂಕ ನಮಗೆ. ಸುಮ್ಮನಾದವರ ಬಳಿ ಉತ್ತರವಿಲ್ಲ ಎಂದೇ ನಾನು ಅಲ್ಲಿಯವರೆಗೆ ನಂಬಿದ್ದೆ.

ಈಗ ಕಿರಿಮಂಜೇಶ್ವರದ ಚಿಕ್ಕಮ್ಮನ ಮನೆಯಿರಲಿ, ಹಾಲಾಡಿಯ ಗೆಳತಿಯ ಮನೆಯಿರಲಿ, ಹೋದಲ್ಲೆಲ್ಲ ಮೊದಲು ಬಚ್ಚಲು ನೋಡುತ್ತೇನೆ. ಹುಚ್ಚು ಅನ್ನುತ್ತಾರೆ. ವಾದಕ್ಕಿಳಿದವರಿಗೆ ನಮ್ಮ ಅಮ್ಮನ ಸ್ಥಿತಿ ಹೇಳುತ್ತೇನೆ. ಆ ಹುಡುಗಿಯ ಮಾತನ್ನು ಎಲ್ಲೂ ಎತ್ತಿರಲಿಲ್ಲ. ಇದನ್ನು ಬರೆಯುವ ಮೊದಲು ಅವಳ ತಾಯಿಯ ಹತ್ತಿರ ಹೋಗಿ ಕೇಳಿದೆ. ಅವರು, "ಬರಿ. ಅವ್ಳ್ ಹೆಸ್ರ್ ಮಾತ್ರ ಹಾಕ್ಬೇಡ," ಅಂದರು.

ಹಾಕಿಲ್ಲ.