ಕೌಜುಗದ ಕೂಗು

ತಪ್ಪು ನನ್ನದು. ಮೊದಲೇ ಹೇಳಿಬಿಡುತ್ತೇನೆ, ತಡ ಮಾಡಿದರೆ ಅದಕ್ಕೂ ಒಂದಿಷ್ಟು ನಾಟಕ ಸೇರಿಸಿಬಿಡುವ ಚಾಳಿ ನನ್ನದು. ಕಾಡುಹಕ್ಕಿಗಳನ್ನು ಕಾಯುವ ಕಾಯ್ದೆಯನ್ನು ಮಕ್ಕಳಿಗೆ ತಿಳಿಸಿ ಬಾ ಎಂದು ಕಾಲೇಜಿನವರು ಕಳಿಸಿದರೆ, ಹಕ್ಕಿ ಹಿಡಿಯುವ ವಿದ್ಯೆ ಕಲಿಸಿ ಬಂದವನು ನಾನು.

ಮನೆ ಸಿಂಧನೂರು. ಕಾನೂನು ಓದುತ್ತಿದ್ದೆ, ಓದಿದ್ದಕ್ಕಿಂತ ಪಾಠ ಮಾಡುವವರ ದನಿ ಅಣಕಿಸಿದ್ದೇ ಹೆಚ್ಚು. ಸಂತೆಕಲ್ಲೂರಿನ ಆಚೆಯ ಒಂದು ಶಾಲೆಯಲ್ಲಿ ಎಂಟನೇ ತರಗತಿಯ ಮಕ್ಕಳು ನನ್ನ ಮೊದಲ ಕಲಮಿಗೇ ಆಕಳಿಸಿದರು. ಆಕಳಿಕೆ ಕಂಡರೆ ನನಗೆ ತಡೆಯಲಾಗುವುದಿಲ್ಲ. ಲಿಂಗಸುಗೂರು ಬಸ್ಸಿನ ಕಂಡಕ್ಟರ್ ಆದೆ, ಮಸ್ಕಿ ಸ್ಟ್ಯಾಂಡಿನಲ್ಲಿ ಸೀಟಿಗೆ ಜಗಳ ತೆಗೆಯುವ ಅಜ್ಜಿಯಾದೆ, ನನ್ನನ್ನು ಬೈಯುವ ನನ್ನಪ್ಪನೂ ಆದೆ. ಕೊನೆಗೆ ಕೌಜುಗದಂತೆ ಕೂಗಿದೆ.

ಕಿಟಕಿಯಾಚೆಯ ತೊಗರಿ ಹೊಲದಿಂದ ನಿಜವಾದ ಕೌಜುಗವೊಂದು ಉತ್ತರ ಕೊಟ್ಟಿತು.

"ಸರ್, ನಮಗೂ ಕಲಿಸ್ರಿ!"

ನಾಲಿಗೆ ಎಲ್ಲಿ ಒತ್ತಬೇಕು, ಅಂಗೈ ಹೇಗೆ ಬಾಗಿಸಬೇಕು, ಎಲ್ಲ ಕಲಿಸಿದೆ. ಹಿಡಿದರೆ ಜೈಲು ಎಂಬುದನ್ನು ಗಂಟೆ ಹೊಡೆಯುವ ಮುಂಚೆ ನೆನಪಾಗಿ ಹೇಳಿದೆ. ಎರಡನೇ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಕೂಗದೆ ಕಾಯ್ದೆ ಬರೆದುಕೊಳ್ಳುತ್ತಿದ್ದಳು.

"ಅದು ನಮ್ಮ ಹೊಲದ್ದು ಸರ್. ಜೋಡಿ ಐತಿ. ದಿನಾ ಮುಂಜಾನಿ ಬಣವಿ ಹತ್ರ ಬರ್ತಾವ. ಯಾರೂ ಹಿಡಿಯಾಂಗಿಲ್ಲ ಅಲ್ರಿ?"

"ಯಾರೂ ಮುಟ್ಟಾಂಗಿಲ್ಲವ್ವಾ," ನ್ಯಾಯಾಧೀಶರ ದನಿಯಲ್ಲಿ ತೀರ್ಪು ಕೊಟ್ಟೆ. ಎಲ್ಲರೂ ನಕ್ಕರು. ಅವಳು ನಂಬಿದಳು.

ತಿಂಗಳ ಮೇಲೆ ಮತ್ತೆ ಹೋದಾಗ ಮಕ್ಕಳು ಕೌಜುಗದ ಕೂಗಿನಿಂದಲೇ ಸ್ವಾಗತಿಸಿದರು. ಒಬ್ಬನಂತೂ ನನ್ನನ್ನೇ ಮೀರಿಸಿದ್ದ. "ಭಲೇ ಲೇ!" ಎಂದು ಬೆನ್ನು ತಟ್ಟಿದೆ. ಅವನು ಆ ಹುಡುಗಿಯ ದೊಡ್ಡಪ್ಪನ ಮಗ ಎಂದು ನನಗೆ ಗೊತ್ತಿರಲಿಲ್ಲ.

ಪಾಠ ಮುಗಿದು ಎಲ್ಲರೂ ಹೋದರೂ ಅವಳು ಕುಳಿತೇ ಇದ್ದಳು. ಏನವ್ವಾ, ನಿನ್ನ ಜೋಡಿ ಹೆಂಗೈತಿ ಎಂದು ಕೇಳಿ, ಮೇಲೊಂದು ಕೂಗು ಹಾಕಿದೆ.

"ಹಂಗ ಕೂಗಬ್ಯಾಡ್ರಿ ಸರ್."

ಆಮೇಲೆ ತಲೆ ತಗ್ಗಿಸಿಯೇ ಹೇಳಿದಳು: "ಅಣ್ಣ ಬಣವಿ ಹಿಂದ ಕುಂತು ಕೂಗಿದ. ಹೆಣ್ಣು ಬಂದು ಬಲಿಯಾಗ ಬಿತ್ತು. ಬರಕೊಂಡಿದ್ದು ತೋರಿಸಿದ್ನಿರಿ, ನಕ್ಕ. ಸಾರು ಮಾಡಿದ್ರು. ನನಗೂ ಬಡಿಸಿದ್ರು. ಗಂಡು ಒಂದ ಉಳದೈತ್ರಿ. ಹುಡುಗ್ರು ಕೂಗಿದಾಗೆಲ್ಲ ಜೋಡಿ ಬಂತು ಅನಕೊಂಡು ಓಡಿ ಬರ್ತೈತಿ."

ನನ್ನ ಗಂಟಲಲ್ಲಿ ಊರಿನವರೆಲ್ಲರ ದನಿ ಇತ್ತು. ಹೊರಟದ್ದು ಮಾತ್ರ ಪುಸ್ತಕದ ಮಾತು.

"ಅರಣ್ಯ ಇಲಾಖೆಯವರಿಗೆ ಹೇಳಬೇಕಿತ್ತವ್ವಾ."

ಅವಳು ತಲೆ ಎತ್ತಿದಳು.

"ಯಾರ ಹೆಸರು ಹೇಳ್ಲಿ ಸರ್? ಅಣ್ಣಂದಾ, ನಿಮ್ದಾ?"