ದಕ್ಕೆಯ ಕೊನೆಯ ಕಲ್ಲು

ಡ್ರಾಯಿಂಗ್ ಮಾಸ್ಟ್ರು ಹ್ಯೂಬರ್ಟನ ಕೈಯಲ್ಲಿ ದೆವ್ವ ಬಹಳ ಚೆನ್ನಾಗಿ ಬರುತ್ತಿತ್ತು. ಮಾವಿನಹಣ್ಣು, ಹೂಜಿ, ಗಿಳಿ ಇವನ್ನೆಲ್ಲ ಅವನು ಶಾಲೆಯ ಕರಿಹಲಗೆಯ ಮೇಲೆ ಸಂಬಳಕ್ಕಾಗಿ ಬರೆಯುತ್ತಿದ್ದ. ದೆವ್ವವನ್ನು ಮಾತ್ರ ಮನಸ್ಸಿಟ್ಟು ಬರೆಯುತ್ತಿದ್ದ. ಐವತ್ತರ ದಶಕದ ನಡುವಿನಲ್ಲಿ ಗುಣಪಾಲನೆಂಬವನು ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ ಅವನ ಮಾಟ, ಪ್ರೇತಗಳ ಚಿತ್ರಕಥೆ ಬರತೊಡಗಿದ್ದೇ ತಡ, ಮಂಗಳೂರಿನ ಎಷ್ಟೋ ಮನೆಗಳ ಮಕ್ಕಳು ಸಂಜೆಯಾದ ಮೇಲೆ ಬಾವಿಕಟ್ಟೆಯ ಕಡೆ ಒಬ್ಬರೇ ಹೋಗುವುದನ್ನು ಬಿಟ್ಟರು. ಹೆತ್ತವರು ಬೈದು ಪತ್ರಿಕೆ ಕಸಿದುಕೊಳ್ಳುತ್ತಿದ್ದರು, ಆಮೇಲೆ ತಾವು ಪೂರ್ತಿ ಓದಿಯೇ ಕೆಳಗಿಡುತ್ತಿದ್ದರು.

ಇಷ್ಟು ದೆವ್ವಗಳನ್ನು ಸಾಕಿದ ಮನುಷ್ಯ ತಾನು ಮಾತ್ರ ಮಹಾ ಪುಕ್ಕಲ. ಸತ್ತವರ ಹೆದರಿಕೆ ಅವನಿಗಿರಲಿಲ್ಲ. ಹೆಡ್‌ಮಾಸ್ಟ್ರು, ಮನೆಯ ಯಜಮಾನ, ಇಗರ್ಜಿಯ ಪಾದ್ರಿ, ದಾರಿಯಲ್ಲಿ ಸುಮ್ಮನೆ ನಿಂತ ಪೊಲೀಸಿನವನು, ಹೀಗೆ ಉಸಿರಾಡುವವರ ಹೆದರಿಕೆಯೇ ಅವನಿಗೆ ಸಾಕುಬೇಕಾಗಿತ್ತು. ಹೆಂಡತಿ ರೊಸಾಲಿನ್ ಇದನ್ನು ಹೇಳಿ ನಗುತ್ತಿದ್ದಳು. ನಕ್ಕರೂ ಅವನು ಬದಲಾಗಲಿಲ್ಲ.

ಅವನಿಗೆ ಕಥೆ ಒದಗಿಸುತ್ತಿದ್ದವನು ಮೊಯ್ದೀನಬ್ಬ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಮೊಯ್ದೀನಬ್ಬನಿಗೆ ಬಂದರಿನಲ್ಲಿ ಹಗ್ಗದ ಅಂಗಡಿ ಇತ್ತು. ಶಾಲೆ ಬಿಟ್ಟ ಮೇಲೆ ಹ್ಯೂಬರ್ಟ್ ಬಲ್ಮಠದ ಗುಡ್ಡದಿಂದ ಇಳಿದು ಹೋಗಿ, ತೆಂಗಿನ ನಾರಿನ ಹಗ್ಗದ ಸುರುಳಿಯ ಮೇಲೆ ಕೂತು, ಚಹಾ ಕುಡಿಯುತ್ತ ಕೇಳುತ್ತಿದ್ದ. ಮೊಯ್ದೀನಬ್ಬ ಹೇಳಿದ ಕಥೆಗಳಲ್ಲಿ ಅರ್ಧ ಬುರುಡೆ. ಅದು ಇಬ್ಬರಿಗೂ ಗೊತ್ತಿತ್ತು. ಒಂದು ಮಾತ್ರ ಬುರುಡೆಯಲ್ಲ.

ಅದು ಅವನ ತಾಯಿ ಝುಬೈದಾರ ಕಥೆ. ಗಂಡ ಅಹ್ಮದ್ ಬಾವ ಅಕ್ಕಿ, ಹಂಚು ತುಂಬಿದ ಮಂಜಿ ಹಡಗಿನಲ್ಲಿ ದ್ವೀಪಗಳ ಕಡೆ ಹೋದವರು ಮತ್ತೆ ಬರಲಿಲ್ಲ. ಹಡಗು ಮುಳುಗಿದ ಸುದ್ದಿ ಬಂದರಿಗೆಲ್ಲ ಬಂತು, ಆಕೆಯ ಕಿವಿಗೆ ಹೋಗಲಿಲ್ಲ, ಹೋದರೂ ಒಳಗಿಳಿಯಲಿಲ್ಲ. ದಿನಾ ಸಂಜೆ ಲಾಟೀನು ಹಿಡಿದು ಬಂದು, ಹೊಳೆಬದಿಯಲ್ಲಿ ಹಡಗು ಕಟ್ಟುವ ದಕ್ಕೆಯ ಕೊನೆಯ ಕಲ್ಲಿನ ಮೇಲೆ ಕೂರುತ್ತಿದ್ದರು. ಮೂಟೆ ಹೊತ್ತ ಹಮಾಲಿಗಳು ಬಳಸಿಕೊಂಡು ಹೋಗುತ್ತಿದ್ದರು. ಹೋಗುವಾಗ, “ಉಮ್ಮಾ, ಕೂತ್ಕೊಳ್ಳಿ. ಮಂಜಿ ಬರ್ತದೆ” ಎನ್ನುತ್ತಿದ್ದರು. ಆಕೆ ತೀರಿಕೊಂಡ ಮೇಲೂ ಆ ಕಲ್ಲಿನ ಮೇಲೆ ಯಾರೂ ಮೂಟೆ ಇಳಿಸಲಿಲ್ಲ. ಮುಸ್ಸಂಜೆಯಲ್ಲಿ ಅಲ್ಲಿ ಲಾಟೀನಿನ ಬೆಳಕು ಕಂಡಿತೆಂದು ಹೇಳುವವರೂ ಇದ್ದರು.

ಈ ಕಥೆಯನ್ನು ಬರೆಯಲೇ ಎಂದು ಹ್ಯೂಬರ್ಟ್ ಹಿಂಜರಿಯುತ್ತ ಕೇಳಿದಾಗ ಮೊಯ್ದೀನಬ್ಬ ಹೊಸೆಯುತ್ತಿದ್ದ ಹಗ್ಗವನ್ನು ಕೆಳಗಿಟ್ಟ.

“ಬೇಕಾದ್ರೆ ಬರಿ ಮಾರಾಯ,” ಎಂದ. “ಹೆಸರು ಹಾಕ್ಬೇಡ. ಮತ್ತೆ, ಅವರನ್ನು ಅಲ್ಲಿಂದ ಓಡಿಸ್ಬೇಡ.”

ಹ್ಯೂಬರ್ಟ್ ಮಾತು ಕೊಟ್ಟ. ಕೊಟ್ಟ ಮಾತಿನಂತೆಯೇ ಬರೆದ. ಕೊನೆಯ ಚಿತ್ರದಲ್ಲಿ ಕಲ್ಲಿನ ಮೇಲೆ ಲಾಟೀನು, ಮಂಜಿನಷ್ಟೇ ತೆಳುವಾದ ಒಬ್ಬ ಹೆಂಗಸು, ಮೂಟೆಯ ಭಾರದಲ್ಲೂ ಕತ್ತು ತಿರುಗಿಸಿ ಅದೇ ಮಾತು ಹೇಳುವ ಹಮಾಲಿ. ಆ ವಾರ ಯಾರೂ ಹೆದರಲಿಲ್ಲ, ಕಣ್ಣೊರೆಸಿಕೊಂಡರು. ಮೊಯ್ದೀನಬ್ಬ ಆ ಪುಟವನ್ನು ಕತ್ತರಿಸಿ ಅಂಗಡಿಯ ಗೋಡೆಗೆ, ಕ್ಯಾಲೆಂಡರಿನ ಪಕ್ಕ ಅಂಟಿಸಿದ.

ಅರವತ್ತೊಂದರಲ್ಲಿ ಗುಣಪಾಲನಿಗೆ ಈ ಚಿತ್ರಕಥೆಗಳನ್ನೆಲ್ಲ ಸೇರಿಸಿ ದಪ್ಪ ಪುಸ್ತಕ ಮಾಡುವ ಹುಮ್ಮಸ್ಸು ಬಂತು. ಹ್ಯೂಬರ್ಟನಿಗೆ ಸಂತೋಷವೂ ಆಯಿತು, ಹೆದರಿಕೆಯೂ ಆಯಿತು. ವಾರಪತ್ರಿಕೆ ಓದಿ ಪೊಟ್ಟಣ ಕಟ್ಟುವ ಕಾಗದ, ಪುಸ್ತಕವೆಂದರೆ ಹಾಗಲ್ಲ. ಅವನ ಜನರಲ್ಲಿ ಪುಸ್ತಕ ಅಚ್ಚು ಹಾಕಿಸುವವರು ಮೊದಲು ಪಾದ್ರಿಗಳಿಗೆ ತೋರಿಸಿ ಒಪ್ಪಿಗೆ ಪಡೆಯುವುದು ಕ್ರಮ. ಇಗರ್ಜಿಗೆ ಆಗಷ್ಟೇ ಹೊಸದಾಗಿ ಬಂದ ಫಾದರ್ ರಾಫೆಲ್ ಅವನ ಶಾಲೆಗೂ ಮ್ಯಾನೇಜರು. ದಪ್ಪ ಹುಬ್ಬಿನ, ಮಾತು ಕಡಿಮೆಯ ಮನುಷ್ಯ. ಸತ್ತವಳು ತಿರುಗಿ ಬರುತ್ತಾಳೆ, ಪ್ರಾರ್ಥನೆಯಿಲ್ಲ, ಶಿಲುಬೆಯಿಲ್ಲ, ಸಾಲದ್ದಕ್ಕೆ ಕೂತ್ಕೊಳ್ಳಿ ಎಂಬ ಉಪಚಾರ ಬೇರೆ. ಇದನ್ನು ಅವರ ಮುಂದೆ ಹೇಗಿಡುವುದು?

ಮೊದಲು ತೋರಿಸಿ, ಬೇಡವೆಂದರೆ ತಿದ್ದಿದರಾಯಿತು ಎಂದಳು ರೊಸಾಲಿನ್. ಅಷ್ಟು ಕಾಯುವ ಎದೆ ಅವನಿಗೆಲ್ಲಿತ್ತು? ಯಾರೂ ಕೇಳುವ ಮೊದಲೇ ಕೂತು ಎಲ್ಲ ಕಥೆಗಳ ಕೊನೆಯನ್ನೂ ಬದಲಿಸಿದ. ಎಲ್ಲ ದೆವ್ವಗಳ ಮೇಲೂ ತೀರ್ಥ ಬಿತ್ತು, ಎಲ್ಲವೂ ಕಿರುಚುತ್ತ ಹೊಗೆಯಾದವು. ದಕ್ಕೆಯ ಕಥೆಗೂ ಅದೇ ಗತಿ. ನಿಲುವಂಗಿ ತೊಟ್ಟವನೊಬ್ಬ ಶಿಲುಬೆ ಎತ್ತಿ “ತೊಲಗು” ಎನ್ನುತ್ತಾನೆ, ಲಾಟೀನು ಹೊಳೆಗೆ ಉರುಳುತ್ತದೆ, ಹೆಂಗಸು ಮುಖ ಮುಚ್ಚಿಕೊಂಡು ನೀರಿನ ಮೇಲೆ ಓಡುತ್ತಾಳೆ. ಅವಳ ಓಟವನ್ನು ಅವನು ಎಷ್ಟು ಚೆನ್ನಾಗಿ ಬರೆದನೆಂದರೆ, ನೋಡಿದರೆ ಸಂಕಟವಾಗುತ್ತಿತ್ತು. ಆ ದಿನಗಳಲ್ಲಿ ಅವನು ಬಂದರಿನ ಕಡೆ ತಲೆ ಹಾಕಲಿಲ್ಲ.

ಫಾದರ್ ರಾಫೆಲ್ ಹಾಳೆಗಳನ್ನು ಪೂರ್ತಿ ಓದದೆ, ಬರೀ ತಿರುವಿ ನೋಡಿ ಸಹಿ ಹಾಕಿಕೊಟ್ಟರು. ಪುಸ್ತಕ ಹೊರಬಂತು. ಹ್ಯೂಬರ್ಟ್ ಒಂದು ಪ್ರತಿಯನ್ನು ಮೊಯ್ದೀನಬ್ಬನಿಗೆ ತಾನೇ ಕೊಡದೆ ಅಂಚೆಯಲ್ಲಿ ಕಳಿಸಿದ.

ಗುಣಪಾಲ ತನ್ನ ಪತ್ರಿಕೆಯಲ್ಲಿ ಓದುಗರ ಅಭಿಪ್ರಾಯ ಕೇಳಿದ. ಅಭಿಪ್ರಾಯಗಳು ಬಂದವು, ಹೊಗಳಿಕೆಯೇ ಹೆಚ್ಚು. ಕಾನ್ವೆಂಟಿನ ಸಿಸ್ಟರೊಬ್ಬರು ಮಕ್ಕಳ ಕೈಯಲ್ಲಿ ಧೈರ್ಯವಾಗಿ ಕೊಡಬಹುದು ಎಂದು ಬರೆದು, ಧರ್ಮಪಾಠದ ಬಹುಮಾನಕ್ಕೆಂದು ಒಂದು ಕಟ್ಟು ತರಿಸಿಕೊಂಡರು. ಹಾಸ್ಟೆಲಿನ ಹುಡುಗನೊಬ್ಬ ಮಾತ್ರ, ಪತ್ರಿಕೆಯಲ್ಲಿ ಓದಿದಾಗ ನಿದ್ದೆ ಬರುತ್ತಿರಲಿಲ್ಲ, ಪುಸ್ತಕ ಓದುವಾಗ ನಡುವಿನಲ್ಲೇ ನಿದ್ದೆ ಬಂತು ಎಂದು ಬರೆದಿದ್ದ. ಅದನ್ನು ಓದಿ ರೊಸಾಲಿನ್ ನಕ್ಕಳು, ಹ್ಯೂಬರ್ಟ್ ನಗಲಿಲ್ಲ. ಅವನು ಕಾಯುತ್ತಿದ್ದದ್ದು ಒಬ್ಬನೇ ಒಬ್ಬ ಓದುಗನ ಅಭಿಪ್ರಾಯಕ್ಕೆ. ಬಂದರಿನಿಂದ ಸದ್ದೇ ಇರಲಿಲ್ಲ.

ನವೆಂಬರಿನಲ್ಲಿ ಸತ್ತವರ ಹಬ್ಬ ಬಂತು. ಸಿಮೆಟ್ರಿಯಲ್ಲಿ ತಂದೆಯ ಸಮಾಧಿಯ ಮೇಲೆ ಹ್ಯೂಬರ್ಟ್ ಮೇಣದಬತ್ತಿ ಹಚ್ಚುತ್ತಿದ್ದಾಗ ಫಾದರ್ ರಾಫೆಲ್ ಬಂದು ಪಕ್ಕದಲ್ಲಿ ನಿಂತರು. ಗಾಳಿಗೆ ಬತ್ತಿ ಆರದಂತೆ ಅಂಗೈ ಅಡ್ಡ ಹಿಡಿದರು.

“ಆ ದಕ್ಕೆಯ ಕಥೆ ನಾನು ಮೊದಲೇ ಪತ್ರಿಕೆಯಲ್ಲಿ ಓದಿದ್ದೆ ಮಾಸ್ಟ್ರೇ. ಅದು ಬದಲಾದದ್ದು ಈಗ ಅಚ್ಚಾದ ಮೇಲೆ ಕಂಡದ್ದು,” ಎಂದರು. “ಅದನ್ನು ಯಾಕೆ ಬದಲಿಸಿದ್ರಿ? ಸತ್ತವರಿಗೆ ದೀಪ ನಾವೂ ಇಡ್ತೇವಲ್ಲ.”

ನಿಮಗೆ ಹೆದರಿ ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಇನ್ನೂ ಚೆನ್ನಾಗಲಿ ಅಂತ ಎಂದು ತೊದಲಿದ. ಫಾದರ್ ತಲೆಯಾಡಿಸಿ ಮುಂದಿನ ಸಮಾಧಿಗೆ ಹೋದರು. ಇಷ್ಟು ಸಣ್ಣ ಮಾತನ್ನು ಮೊದಲೇ ಕೇಳಿ ತಿಳಿದುಕೊಳ್ಳಲಾಗಲಿಲ್ಲವಲ್ಲ ಎಂದು ಹ್ಯೂಬರ್ಟನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಅಲ್ಲಿಂದ ನೇರ ಬಂದರಿಗೆ ನಡೆದ.

ಮೊಯ್ದೀನಬ್ಬ ಎಂದಿನಂತೆ ಹಗ್ಗದ ಸುರುಳಿ ತೋರಿಸಿ ಕೂರಲು ಹೇಳಿದ. ಪತ್ರಿಕೆಯ ಪುಟ ಗೋಡೆಯ ಮೇಲೆ ಹಳದಿಯಾಗಿ ಹಾಗೆಯೇ ಇತ್ತು. ಪುಸ್ತಕ ಹೇಗಿದೆ ಎಂದು ಹ್ಯೂಬರ್ಟ್ ಕೇಳಿದ. ರಟ್ಟು ಗಟ್ಟಿ ಉಂಟು, ಕೆಂಪು ಬಣ್ಣ ಚೆಂದ ಬಂದಿದೆ ಎಂದ ಮೊಯ್ದೀನಬ್ಬ. ಹ್ಯೂಬರ್ಟ್ ಏಳಲಿಲ್ಲ. ನಿನ್ನ ಅಭಿಪ್ರಾಯ ಹೇಳದೆ ನಾನು ಹೋಗುವುದಿಲ್ಲ ಎಂದ.

“ಎಂತ ಹೇಳುದು?” ಮೊಯ್ದೀನಬ್ಬನ ದನಿ ಏರಲಿಲ್ಲ. “ಈ ದಕ್ಕೆಯಲ್ಲಿ ಕುಡುಕರಿದ್ರು, ಕಳ್ಳರಿದ್ರು, ಕಸ್ಟಮ್ಸಿನವರಿದ್ರು. ಉಮ್ಮನಿಗೆ ಹೋಗಿ ಅಂತ ಯಾರೂ ಹೇಳಿದ್ದಿಲ್ಲ. ಹೇಳಿದವ ನೀನೊಬ್ಬ.”

ಮುಂದಿನ ಸಲ ಅಚ್ಚಾಗುವಾಗ ಸರಿ ಮಾಡುತ್ತೇನೆ ಎಂದ ಹ್ಯೂಬರ್ಟ್. ಮೊಯ್ದೀನಬ್ಬ ಚಹಾ ತರಿಸಿದ. ಮೊದಲಿನ ಅಂಗಡಿಯದ್ದೇ ಚಹಾ, ಅಷ್ಟೇ ಸಿಹಿ. ಆದರೆ ಅಂದು ಅವನು ಕಥೆ ಹೇಳಲಿಲ್ಲ, ಆಮೇಲೆಯೂ ಎಂದೂ ಹೇಳಲಿಲ್ಲ. ಪುಸ್ತಕ ಎರಡನೆಯ ಸಲ ಅಚ್ಚಾಗಲೂ ಇಲ್ಲ.

ಹೊರಗೆ ಬಂದ ಹ್ಯೂಬರ್ಟನ ಕಾಲು ಮನೆಯ ಕಡೆ ತಿರುಗದೆ ದಕ್ಕೆಯ ತುದಿಗೆ ಹೋಯಿತು. ಹೊತ್ತು ಮುಳುಗುತ್ತಿತ್ತು. ಮೂಟೆ ಹೊತ್ತ ಹಮಾಲಿಯೊಬ್ಬ ಕೊನೆಯ ಕಲ್ಲಿನ ಹತ್ತಿರ ಬಂದವನು, ಯಾರೋ ಕೂತಿದ್ದಾರೆ ಎಂಬಂತೆ ಅದನ್ನು ಬಳಸಿಕೊಂಡು ಹೋದ. ಹ್ಯೂಬರ್ಟ್ ಕೂಡ ಒಂದಿಷ್ಟು ಜರುಗಿ ನಿಂತ. ಆಮೇಲೆ ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ, ಮೆಲ್ಲಗೆ ಹೇಳಿದ:

“ಉಮ್ಮಾ, ಕೂತ್ಕೊಳ್ಳಿ.”

ಯಾರೂ ಇಲ್ಲದಾಗ ಹೇಳುವುದು ಅವನಿಗೆ ಸುಲಭವಾಗಿತ್ತು.